ಲಾಭ, ಎರಡು, ಮೂರು

ಹೋದ ವಾರ ಶಿರಸಿಯಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಅವಳ ಮೊಮ್ಮಗಳು ಶಾಲೆಯ ಪ್ರಾಜೆಕ್ಟಿಗೆ ಬಣ್ಣದ ಕಾಗದ ಕತ್ತರಿಸಿಕೊಂಡು ಕೂತಿದ್ದಳು, ಗೋಂದು ಮುಗಿದಿತ್ತು. ಅಷ್ಟಕ್ಕೆ ಪೇಟೆಗೆ ಯಾಕೆ ಹೋಗಬೇಕು ಎಂದು ಎರಡು ಚಮಚ ಮೈದಾವನ್ನು ನೀರಲ್ಲಿ ಕದಡಿ ಒಲೆಯ ಮೇಲಿಟ್ಟೆ. ಕುದಿ ಬಂತು. ಅರ್ಧ ಗಂಜಿಯ ಹಾಗೆ, ಅರ್ಧ ಒದ್ದೆ ಗೋಡೆಯ ಹಾಗೆ ಒಂದು ವಾಸನೆ ಎದ್ದಿತು. ಸೌಟು ತಿರುಗಿಸುವುದನ್ನು ಮರೆತು ನಿಂತೆ, ತಳ ಹಿಡಿಯಿತು. ಯಲ್ಲಾಪುರದಲ್ಲಿ ಒಂದು ವರ್ಷ ಪೂರ್ತಿ ನನ್ನ ಸೆರಗಿಗೆ ಈ ವಾಸನೆಯೇ ಇತ್ತು.

ಎರಡು ಸಾವಿರದ ಇಸವಿ ಕಳೆದು ಎರಡೋ ಮೂರೋ ವರ್ಷ ಆಗಿದ್ದಿರಬೇಕು. ನಮ್ಮವರಿಗೆ ಸೊಸೈಟಿಯಲ್ಲಿ ಗುಮಾಸ್ತಿಕೆ. ಯಲ್ಲಾಪುರ ಪೇಟೆಯ ಹಿಂದಿನ ಕೇರಿಯಲ್ಲಿ ಬಾಡಿಗೆ ಮನೆ. ಅತ್ತೆಯವರು ನಮ್ಮ ಜೊತೆಗೇ ಇದ್ದರು. ಮಗಳು ಹೈಸ್ಕೂಲಿಗೆ ಹೋಗುತ್ತಿದ್ದಳು. ಬೆಳಿಗ್ಗೆ ದೇವರ ಪೂಜೆಗೆ ಹೂವು ಕೊಯ್ದು, ತಿಂಡಿ ಮುಗಿಸಿ, ಇಬ್ಬರನ್ನೂ ಕಳಿಸಿದರೆ ಮಧ್ಯಾಹ್ನದ ತನಕ ನನಗೆ ಕೆಲಸವೇ ಇಲ್ಲ. ಹಾಗೆ ಕೂತವಳ ಬಾಗಿಲಿಗೆ ಮಹಿಳಾ ಮಂಡಳದ ಅಧ್ಯಕ್ಷೆ ಬಂದರು. ಕೇರಿಯ ಕೊನೆಗಿದ್ದ ಮಂಡಳದ ಬಾಲವಾಡಿಯ ಅಕ್ಕೋರು ಬಾಣಂತನಕ್ಕೆ ನಂದೊಳ್ಳಿಯ ತವರುಮನೆಗೆ ಹೋಗಿದ್ದರು. ಕೂಸು ಸ್ವಲ್ಪ ಅಶಕ್ತ, ವರ್ಷ ತುಂಬುವ ತನಕ ಬರಲಾಗುವುದಿಲ್ಲ ಎಂದು ಹೇಳಿ ಕಳಿಸಿದ್ದರಂತೆ.

"ನೀವು ಹತ್ತನೇತ್ತೆ ಪಾಸಾದವರು. ಮಕ್ಕಳು ಬೀಳದ ಹಾಗೆ ನೋಡಿಕೊಂಡರೆ ಸಾಕು" ಎಂದರು.

ಬೀಳದ ಹಾಗೆ ನೋಡಿಕೊಳ್ಳುವುದು ನನಗೆ ಬರುತ್ತಿತ್ತು. ಹೂಂ ಎಂದೆ.

ಬಾಲವಾಡಿಯಲ್ಲಿ ಆಟದ ಸಾಮಾನು ಇರಲಿಲ್ಲವೆಂದಲ್ಲ. ಗಾಜಿನ ಕಪಾಟಿನಲ್ಲಿ ಬಣ್ಣಬಣ್ಣದ ಮರದ ತುಂಡುಗಳು, ಮಣಿ ಪೋಣಿಸಿದ ಲೆಕ್ಕದ ಚೌಕಟ್ಟು, ಪ್ಲಾಸ್ಟಿಕ್ಕಿನ ಹಣ್ಣುಗಳು ಎಲ್ಲ ಇದ್ದವು. ಕಪಾಟಿನ ಬೀಗದ ಕೈ ಮಾತ್ರ ಬಾಣಂತಿಯ ಜೊತೆ ನಂದೊಳ್ಳಿಗೆ ಹೋಗಿತ್ತು. ಅಲ್ಲಿ ಯಾವ ಟ್ರಂಕಿನಲ್ಲಿದೆಯೋ ಗೊತ್ತಿಲ್ಲ. ಬೀಗ ಒಡೆಸಲು ಅಧ್ಯಕ್ಷೆ ಒಪ್ಪಲಿಲ್ಲ. ಮಕ್ಕಳು ಗಾಜಿಗೆ ಮೂಗು ಒತ್ತಿಕೊಂಡು ನಿಲ್ಲುತ್ತಿದ್ದರು. ಹೊರಗೆ ಜಡಿಮಳೆ, ಒಳಗೆ ಇಪ್ಪತ್ತು ಚಿಲ್ಲರೆ ಮಕ್ಕಳ ಅಳು. ಮೂರನೆಯ ದಿನಕ್ಕೆ ನಾನೂ ಅವರ ಜೊತೆ ಅಳುವುದೊಂದು ಬಾಕಿ. ಆ ಬೀಗ ದೇವರೇ ಹಾಕಿಸಿದ್ದು ಎಂದು ತಿಳಿಯಲು ನನಗೆ ಒಂದು ತಿಂಗಳು ಬೇಕಾಯಿತು.

ನಾಲ್ಕನೆಯ ದಿನ ಮನೆಯಿಂದ ಒಂದು ಚೀಲ ತುಂಬಿಕೊಂಡು ಹೋದೆ. ಹುಣಸೆಬೀಜ, ತೆಂಗಿನ ಗರಟೆ, ಹಳೆಯ ಲಗ್ನಪತ್ರಿಕೆಗಳು, ಬೀಜ ಎಣಿಸಿ ಆಡುವ ಒಂದು ಚನ್ನೆಮಣೆ, ಅಕ್ಕಿ ಅಳೆಯುವ ಸಿದ್ದೆ. ಲಗ್ನಪತ್ರಿಕೆಯಲ್ಲಿ ಗಣಪತಿ ಇದ್ದದ್ದು ಒಂದು ಕಡೆ, ಇಲ್ಲದ್ದು ಒಂದು ಕಡೆ ಎಂದು ಜೋಡಿಸಲು ಹೇಳಿದೆ. ಅಳು ನಿಂತಿತು. ಮಾರನೆಯ ದಿನ ದೊಡ್ಡದು ಸಣ್ಣದು, ಅದರ ಮಾರನೆಯ ದಿನ ಕೆಂಪು ಹಳದಿ. ಆಮೇಲೆ ಮೈದಾ ಅಂಟು ಕುದಿಸಿ ಅವನ್ನೇ ಮಡಿಸಿ ಪೆಟ್ಟಿಗೆ ಮಾಡಿದೆವು. ಒಂದು ಕೋಲಿನ ಎರಡು ತುದಿಗೆ ಗರಟೆ ಕಟ್ಟಿದರೆ ತಕ್ಕಡಿ ಆಯಿತು. ಒಂದು ನಿಂಬೆಹಣ್ಣಿಗೆ ಎಷ್ಟು ಹುಣಸೆಬೀಜ ಸಮ ಎಂದು ನೋಡುವಾಗ ಮಕ್ಕಳು ಉಸಿರು ಬಿಡುತ್ತಿರಲಿಲ್ಲ. ಕೆಸರಿನ ಉಂಡೆ ಬಕೆಟ್ಟಿನಲ್ಲಿ ಮುಳುಗುತ್ತದೆ, ಅದೇ ಕೆಸರನ್ನು ಬಟ್ಟಲು ಮಾಡಿ ಬಿಟ್ಟರೆ ತೇಲುತ್ತದೆ. ಇದು ಯಾಕೆ ಎಂದು ಕೇಳಿದರೆ ನನಗೂ ಸರಿಯಾಗಿ ಗೊತ್ತಿರಲಿಲ್ಲ. "ನೋಡಿ, ಮತ್ತೊಂದು ಸಲ ಮಾಡಿ ನೋಡಿ" ಎನ್ನುತ್ತಿದ್ದೆ. ಅದೇ ಸರಿಯಾದ ಉತ್ತರ ಎಂದು ಮಗಳ ವಿಜ್ಞಾನದ ಟೀಚರು ಒಮ್ಮೆ ಹೇಳಿದರು. ಗೊತ್ತಿಲ್ಲದವಳಿಗೆ ಅದೊಂದು ದೊಡ್ಡ ಆಧಾರ.

ಎಲ್ಲವೂ ಸುಸೂತ್ರ ನಡೆಯಿತೆಂದಲ್ಲ. ಅಂಟುವಾಳಕಾಯಿಯ ನೀರಿಗೆ ಪಪ್ಪಾಯಿ ಎಲೆಯ ಪೊಳ್ಳು ದಂಟು ಅದ್ದಿ ಗುಳ್ಳೆ ಊದಿಸಿದ ದಿನ, ಒಂದು ಹುಡುಗಿ ಊದುವ ಬದಲು ಹೀರಿಬಿಟ್ಟಳು. ಸಂಜೆ ಅವಳ ಅಜ್ಜಿ ಬಂದು, "ಅಕ್ಕೋರೇ, ನೀವು ಮಗೀಗೆ ಪಾಠ ಹೇಳ್ಕೊಡ್ತ್ರೋ, ತಲೆ ತೊಳೀತ್ರೋ?" ಎಂದು ಕೇಳಿ ಹೋದರು. ಕೂಸಿಗೆ ಏನೂ ಆಗಲಿಲ್ಲ. ಆ ರಾತ್ರಿ ದೇವರ ಮುಂದೆ ಒಂದು ದೀಪ ಹೆಚ್ಚು ಹಚ್ಚಿದೆ.

ಸಿದ್ದೆಯ ಆಟ ಎಲ್ಲಕ್ಕಿಂತ ಹೆಚ್ಚು ನಡೆದದ್ದು. ಮೂಲೆಯಲ್ಲಿ ಒಂದು ರಾಶಿ ಮರಳು ಹಾಕಿಸಿದ್ದೆ. ಸಿದ್ದೆ ತುಂಬಲು ಎಷ್ಟು ಗರಟೆ ಮರಳು ಬೇಕು, ಬಕೆಟ್ಟು ತುಂಬಲು ಎಷ್ಟು ಸಿದ್ದೆ ಬೇಕು, ಹೀಗೆ. ನಮ್ಮಲ್ಲಿ ಅಕ್ಕಿಯನ್ನೋ ಭತ್ತವನ್ನೋ ಅಳೆಯುವಾಗ ಮೊದಲನೆಯ ಅಳತೆಗೆ ಒಂದು ಎಂದು ಹೇಳುವ ಪದ್ಧತಿ ಇಲ್ಲ. 'ಲಾಭ' ಎನ್ನುತ್ತೇವೆ. ಲಾಭ, ಎರಡು, ಮೂರು ಎಂದು ಮುಂದೆ ಹೋಗುತ್ತೇವೆ. ಶುರುವಿಗೇ ಒಳ್ಳೆಯ ಮಾತು ಬರಲಿ, ಲಕ್ಷ್ಮಿ ನಿಲ್ಲಲಿ ಎಂದು. ಹೇರೂರಿನ ನನ್ನ ತವರಿನಲ್ಲಿ ಆಯಿ ಹಾಗೆ ಅಳೆಯುತ್ತಿದ್ದಳು, ಇಲ್ಲಿ ಅತ್ತೆಯವರೂ ಹಾಗೆಯೇ. ನನಗೆ ಬುದ್ಧಿ ಬಂದಾಗಿನಿಂದ ಬಾಯಿಗೆ ಅದೇ ರೂಢಿ. ಮಕ್ಕಳಿಗೂ ಹಾಗೆಯೇ ಹೇಳಿಕೊಟ್ಟೆ. ಅವರು ರಾಗ ಹಾಕಿದರು. ಬರಬರುತ್ತ ಮರಳಿಗೆ ಮಾತ್ರವಲ್ಲ, ಬೀಜ ಎಣಿಸುವಾಗ, ಚಪ್ಪಲಿ ಎಣಿಸುವಾಗ, ಸಾಲಾಗಿ ನಿಲ್ಲುವಾಗ, ಎಲ್ಲದಕ್ಕೂ ಲಾಭ, ಎರಡು, ಮೂರು. ಕೇಳಲು ಚೆಂದವಿತ್ತು. ನಾನು ತಡೆಯಲಿಲ್ಲ.

ನೂರ್‌ಜಹಾನ್ ಬಂದದ್ದು ಆಷಾಢದಲ್ಲಿ. ಅಪ್ಪ ಇಸ್ಮಾಯಿಲ್ ಅದಿರಿನ ಲಾರಿ ಓಡಿಸುತ್ತಿದ್ದ, ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ತಾಯಿ ಜುಬೇದಾ ನಮ್ಮ ಕೇರಿಯ ತಿರುವಿನಲ್ಲಿ ರವಿಕೆ ಹೊಲಿಯುತ್ತಿದ್ದಳು. ನಮಗೆ ಬೇಕಾದ ಬಟ್ಟೆಚೂರು ಎಲ್ಲ ಅವಳ ಮಶಿನ್ನಿನ ಕೆಳಗಿನದೇ. ಅವರ ಮನೆಯಲ್ಲಿ ಮಾತು ಉರ್ದು. ಹುಡುಗಿಗೆ ಕನ್ನಡ ಒಂದಕ್ಷರ ಬಾರದು. ಎರಡು ತಿಂಗಳು ಬಾಯಿಯನ್ನೇ ಬಿಡಲಿಲ್ಲ. ಬಾಯಿ ಬಿಡದಿದ್ದರೂ ಕೈ ಸುಮ್ಮನಿರುತ್ತಿರಲಿಲ್ಲ. ತಕ್ಕಡಿಯನ್ನು ಅವಳಷ್ಟು ನಿಧಾನವಾಗಿ ಸಮ ಮಾಡುವವರು ಬೇರೆ ಯಾರೂ ಇರಲಿಲ್ಲ. ಹೆಸರು ಉದ್ದವಾಯಿತೆಂದು ಮಕ್ಕಳು 'ನೂರು' ಎಂದು ಕರೆದರು. ಬಾಲವಾಡಿಗೆ ಒಮ್ಮೆ ಬಂದ ಅತ್ತೆಯವರು, "ಹೆಸರೇ ನೂರು. ಇದಕ್ಕೆ ಲೆಕ್ಕ ಬರದೇ ಇರ್ತನೇ?" ಎಂದು ನಕ್ಕಿದ್ದರು.

ಚೌತಿ ಕಳೆದ ಮೇಲೆ ಒಂದು ದಿನ ಗರಟೆಯಲ್ಲಿ ಮರಳು ತುಂಬಿ ಸಿದ್ದೆಗೆ ಸುರಿದು ನನ್ನ ಮುಖ ನೋಡಿ, "ಲಾಭ" ಎಂದಳು. ಅವಳ ಬಾಯಿಂದ ಬಂದ ಮೊದಲನೆಯ ಕನ್ನಡ ಶಬ್ದ. ನನಗೆ ಎಷ್ಟು ಸಂತೋಷವಾಯಿತೆಂದರೆ ಡಬ್ಬಿಯಲ್ಲಿದ್ದ ಬೆಲ್ಲದ ಚೂರು ಅವಳ ಕೈಗೆ ಹಾಕಿದೆ. ಆ ಬೆಲ್ಲ ಕೊಟ್ಟದ್ದು ನೆನೆದರೆ ಈಗಲೂ ಕಸಿವಿಸಿ.

ಮಳೆ ಹೋಯಿತು, ಚಳಿ ಬಂತು. ಅಂಗಳದಲ್ಲಿ ಕೋಲು ನೆಟ್ಟು ನೆರಳಿನ ತುದಿಗೆ ಕಲ್ಲು ಇಟ್ಟೆವು, ಕಲ್ಲು ಇದ್ದಲ್ಲೇ ಇರುವಾಗ ನೆರಳು ಹೇಗೆ ಹೋಯಿತೆಂದು ಮಕ್ಕಳು ಒಬ್ಬರ ಮೇಲೊಬ್ಬರು ಅನುಮಾನಪಟ್ಟರು. ಬೇಸಿಗೆಯಲ್ಲಿ ಹೆದ್ದಾರಿಯ ಬದಿಯ ಗಿಡದ ಎಲೆ, ನಮ್ಮ ಹಿತ್ತಿಲಿನ ಎಲೆ ಎರಡನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ ಬಟ್ಟೆ ಒಣಹಾಕಿದೆವು. ಹೆದ್ದಾರಿ ಎಲೆಯ ಬಟ್ಟೆ ಇಟ್ಟಿಗೆಯ ಬಣ್ಣ. "ನಮ್ಮ ಅಬ್ಬಾನ ಅಂಗೀನೂ ಹಿಂಗೇ" ಎಂದಳು ನೂರ್‌ಜಹಾನ್. ಅಷ್ಟರಲ್ಲಿ ಅವಳಿಗೆ ಮಾತು ಬಂದಿತ್ತು. ಬಂದ ಕನ್ನಡವೆಲ್ಲ ಬಾಲವಾಡಿಯದು, ಅಂದರೆ ನನ್ನದು.

ಮೇ ಕೊನೆಗೆ ಒಂದನೆಯ ತರಗತಿಗೆ ಹೆಸರು ಬರೆಸುವ ಹೊತ್ತು. ನೂರ್‌ಜಹಾನಿಗೆ ವಯಸ್ಸು ಎರಡು ತಿಂಗಳು ಕಡಿಮೆ. ಅಂಥ ಮಕ್ಕಳನ್ನು ಕೇರಿಯ ಶಾಲೆಯ ಹೆಡ್ ಮಾಸ್ತರರು ಕರೆಸಿ ನಾಲ್ಕು ಪ್ರಶ್ನೆ ಕೇಳಿ, ಬುದ್ಧಿ ಇದೆ ಅನ್ನಿಸಿದರೆ ಸೇರಿಸಿಕೊಳ್ಳುತ್ತಿದ್ದರು. ಇಲ್ಲದಿದ್ದರೆ ಮುಂದಿನ ವರ್ಷ. ಮುಂದಿನ ವರ್ಷ ಎಂದರೆ ಬೇರೆಯವರಿಗೆ ಏನೂ ಅಲ್ಲ. ಜುಬೇದಾಳಿಗೆ ಹಾಗಿರಲಿಲ್ಲ. ಇಲ್ಲಿ ತೆಗೆದುಕೊಳ್ಳದಿದ್ದರೆ ಹುಬ್ಬಳ್ಳಿಯಲ್ಲಿರುವ ತನ್ನ ತಾಯಿಯ ಮನೆಗೆ ಕಳಿಸುತ್ತೇನೆ, ಅಲ್ಲಿ ಈಗಲೇ ಸೇರಿಸಿಕೊಳ್ಳುತ್ತಾರೆ, ವರ್ಷ ಹಾಳಾಗುವುದು ಬೇಡ ಎಂದು ಇಸ್ಮಾಯಿಲ್ ಹೇಳಿಯಾಗಿತ್ತು. ಅವನದೇನೂ ಕೆಟ್ಟ ಮನಸ್ಸಲ್ಲ, ಮಗಳು ಓದಬೇಕೆಂಬ ಆಸೆ.

"ಅಲ್ಲಿಗೆ ಹೋದ್ರೆ ಹತ್ತನೇತ್ತಿ ಮುಗಿಯೋವರೆಗೆ ವಾಪಸ್ ಬರೋದಿಲ್ಲ ಅಕ್ಕೋರೇ" ಎಂದಿದ್ದಳು ಜುಬೇದಾ. "ನಂಗೆ ಇರೋದು ಇವಳು ಒಬ್ಳೇ."

"ಹೆದರಬೇಡ. ನೂರು ತನಕ ಎಣಿಸ್ತಾಳೆ, ಅವಳನ್ನ ಬಿಡ್ತಾರಾ?" ಎಂದು ನಾನೇ ಧೈರ್ಯ ಹೇಳಿದ್ದೆ.

ಗುರುವಾರ ಬೆಳಿಗ್ಗೆ ತಾಯಿ ಮಗಳು ಶಾಲೆಗೆ ಹೋದರು. ಹನ್ನೊಂದರ ಸುಮಾರಿಗೆ ಬಾಲವಾಡಿಯ ಬಾಗಿಲಿಗೆ ಬಂದರು. ಹುಡುಗಿಯ ಕೆನ್ನೆ ಕೆಂಪಾಗಿತ್ತು.

"ಏನಾಯ್ತು ಜುಬೇದಾ?"

"ಸರ್ ಒಂದು ಸುಣ್ಣದ ಕಡ್ಡಿ ತೋರ್ಸಿ ಇದು ಎಷ್ಟು ಅಂದ್ರು. ಇವಳು ಲಾಭ ಅಂದ್ಲು. ಪುಸ್ತಕ ತೋರ್ಸಿದ್ರು, ಲಾಭ. ಬೋರ್ಡಿನ ಮೇಲೆ ಒಂದು ಗೀಟು ಎಳೆದ್ರು, ಅದಕ್ಕೂ ಲಾಭ. ಅಲ್ಲಿದ್ದ ಟೀಚರ್‌ಗಳೆಲ್ಲಾ ನಕ್ಬಿಟ್ರು. ಹೆಸರು ನೂರು, ಒಂದೇ ಗೊತ್ತಿಲ್ಲ ಅಂದ್ರು." ಅವಳ ಧ್ವನಿ ಏರಿತು. "ಲಾಭ ಅಂದ್ರೆ ಮುನಾಫಾ ಅಲ್ವಾ ಅಕ್ಕೋರೇ? ಎಲ್ಲಿಂದ ಕಲಿತ್ಲು ಅಂತ ಅಲ್ಲೇ ಎರಡು ಬಿಟ್ಟೆ."

ಎಲ್ಲಿಂದ ಕಲಿತಳೆಂದು ನನಗೆ ಗೊತ್ತಿತ್ತು. ಅಲ್ಲೇ ಇದ್ದ ಉಳಿದ ಮಕ್ಕಳನ್ನು ಕೇಳಿದೆ: "ಒಂದು ಅಂದರೆ ಎಷ್ಟು, ಗೊತ್ತಿದೆಯಾ?"

"ಗೊತ್ತಿಲ್ದೇ ಏನು!" ಎಂದಳು ಅಂಟುವಾಳದ ನೀರು ಕುಡಿದಿದ್ದ ಹುಡುಗಿ. "ಮನೇಲಿ ಒಂದು ಹೇಳದು, ಅಕ್ಕೋರ ಹತ್ರ ಲಾಭ ಹೇಳದು."

ಅವರ ಮನೆಗಳಲ್ಲಿ ಕನ್ನಡ ಇತ್ತು, ಎರಡೂ ಶಬ್ದ ಸಿಕ್ಕಿದ್ದವು. ಈ ಹುಡುಗಿಗೆ ಕನ್ನಡ ಸಿಗುವ ಜಾಗ ನಾನೊಬ್ಬಳೇ. ಒಂದು ಎನ್ನುವುದನ್ನು ಅವಳು ಕೇಳಿದ್ದು ಕಥೆಯಲ್ಲಿ ಮಾತ್ರ. ಒಂದು ಊರಲ್ಲಿ ಒಂದು ಗುಬ್ಬಿ ಇತ್ತು ಎಂಬಲ್ಲಿ. ಅದು ಲೆಕ್ಕದ ಶಬ್ದ ಎಂದು ಅವಳಿಗೆ ಹೇಳಬೇಕಿದ್ದ ನಾನೇ ಹೇಳಿರಲಿಲ್ಲ.

ಜುಬೇದಾಳಿಗೆ ಅಲ್ಲೇ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ, ಮಗಳ ಕೆನ್ನೆ ಮುಟ್ಟಿ ನೋಡಿದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮಕ್ಕಳನ್ನು ಮನೆಗೆ ಕಳಿಸಿ ನೇರ ಶಾಲೆಗೆ ನಡೆದೆ. ಹತ್ತನೇತ್ತೆ ಮುಗಿದ ಮೇಲೆ ಒಬ್ಬಳೇ ಮಾಸ್ತರರ ಕೋಣೆಗೆ ಹೋದವಳಲ್ಲ. ದಾರಿಯುದ್ದಕ್ಕೂ ಗಣಪತಿಯನ್ನು ನೆನೆದೆ. ಹೆಡ್ ಮಾಸ್ತರರು ಹಾವೇರಿ ಕಡೆಯವರು, ದೊಡ್ಡ ಧ್ವನಿ.

"ಬರ್ರಿ ಅಕ್ಕೋರ, ಕೂಡ್ರಿ."

ನಿಂತೇ ಹೇಳಿದೆ. "ಸರ್, ಆ ಹುಡುಗಿ ತಪ್ಪು ಹೇಳಲಿಲ್ಲ. ನಾನು ತಪ್ಪು ಕಲಿಸಿದ್ದು."

ಸಿದ್ದೆಯ ವಿಷಯ ಕೇಳಿ ಅವರು ಪೆನ್ನು ಕೆಳಗಿಟ್ಟರು. "ಅಳತಿ ಲಾಭ! ಜ್ವಾಳಾ ಅಳಿಯೂ ಮುಂದ ನಮ್ಮವ್ವನೂ ಹಂಗ ಅಂತಿದ್ಲ್ರೀ. ಆದ್ರ ಸುಣ್ಣದ ಕಡ್ಡಿಗೆ ಲಾಭ ಅಂದ್ರ ನನಗೆಂಗ ಹೊಳೀಬೇಕು?" ಎಂದು ಹೊಟ್ಟೆ ಹಿಡಿದು ನಕ್ಕರು. ನನಗೆ ಜೀವ ಬಂತು. ನಗು ಮುಗಿದ ಮೇಲೆ ಅವರು ಹೇಳಿದ್ದು ಮಾತ್ರ ಬೇರೆ. "ನಿಮ್ಮ ಮಾತು ಖರೇ ಇರಬಹುದು. ಆದ್ರ ಒಂದ ಗೊತ್ತಿಲ್ಲದಾಕಿನ್ನ ಒಂದನೇತ್ತ್ಯಾಗ ಹೆಂಗ ಕೂಡ್ರಸಲಿ? ಮೊದಲ ವಯಸ್ಸು ಕಮ್ಮಿ. ಸೋಮವಾರ ರಜಿಸ್ಟರ್ ಮುಗಸ್ತೀನಿ. ಅವತ್ತ ಕರಕೊಂಡು ಬರ್ರಿ. ಉತ್ತರಾ ಹೇಳಿದ್ಲಂದ್ರ ಬರಕೋತೀನಿ. ಇಲ್ಲಂದ್ರ ಇಲ್ರಿ."

ಶುಕ್ರವಾರ ನೂರ್‌ಜಹಾನ್ ಬಂದು ಗೋಡೆಯ ಕಡೆ ತಿರುಗಿ ಕೂತಳು. ನಾನು ಒಂದು ಬೀಜ ಹಿಡಿದು, "ಇದು ಒಂದು, ಹೇಳು, ಒಂದು" ಎಂದರೆ ತುಟಿ ಬಿಗಿ ಹಿಡಿಯುತ್ತಿದ್ದಳು. ಎಲ್ಲರೂ ನಗುವಂಥ, ಅಮ್ಮ ಹೊಡೆಯುವಂಥ ಏನೋ ಒಂದು ತನ್ನ ಬಾಯಲ್ಲಿದೆ, ಅದು ಹೊರಬರಬಾರದು ಎಂಬ ಹಾಗೆ. ಮತ್ತೆ ಆಷಾಢದ ಹುಡುಗಿ ಆಗಿಬಿಟ್ಟಿದ್ದಳು. ಮಧ್ಯಾಹ್ನ ಮನೆಗೆ ಬಂದು ನಾನು ಊಟಕ್ಕೆ ಕೂರಲಿಲ್ಲ.

"ಎಂತ ಆತೇ?" ಎಂದು ಅತ್ತೆಯವರು ಕೇಳಿದರು.

ಹೇಳಿದೆ. "ಇನ್ನು ಮೂರೇ ದಿನ ಅತ್ತೆ. ಲಾಭ ಹೇಳದನ್ನ ಅದಕ್ಕೆ ಹ್ಯಾಂಗೆ ಮರೆಸಲಿ, ತಿಳಿತಾ ಇಲ್ಲೆ."

"ಮರೆಸಲೆ ಎಂತಕ್ಕೆ ಹೋಗ್ತೆ? ಒಳ್ಳೆ ಶಬ್ದ ಅದು." ಅತ್ತೆಯವರು ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. "ತಪ್ಪು ನಿಂದು. ಲಾಭ ಹೇಳದು ಅಕ್ಕಿ ಅಳಿಯಕಾದ್ರೆ. ಕೊಟ್ಟಿಗೆಲಿ ಲಾಭ ದನ ಇದ್ದು ಹೇಳಿ ಯಾರಾದ್ರೂ ಹೇಳದು ಕೇಳಿದ್ಯನೇ? ಅಳಿಯದು ಯಾವ್ದು, ಎಣಿಸದು ಯಾವ್ದು, ಅಷ್ಟು ಕಲಿಸು. ನಾಳೆ ಆನೂ ಬತ್ತೆ."

ಇಷ್ಟು ವರ್ಷ ದಿನಾ ಎರಡನ್ನೂ ಮಾಡುತ್ತಿದ್ದರೂ ಎರಡೂ ಬೇರೆ ಬೇರೆ ಎಂದು ನನಗೆ ಹೊಳೆದಿರಲಿಲ್ಲ. ಅತ್ತೆಯವರು ಶಾಲೆಗೆ ಹೋದದ್ದು ಎರಡನೇ ತರಗತಿ ತನಕ.

ಶನಿವಾರ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಎರಡು ದೊಡ್ಡ ವರ್ತುಲ ಬರೆದೆವು, ಅಂಚಿಗೆ ಅಂಚು ತಾಗುವ ಹಾಗೆ. ಒಂದರಲ್ಲಿ ಸಿದ್ದೆ ಇಟ್ಟೆ, ಇನ್ನೊಂದರಲ್ಲಿ ಚನ್ನೆಮಣೆ. ಸುರಿಯುವಂಥದ್ದೆಲ್ಲ ಸಿದ್ದೆಯ ಮನೆಗೆ, ಹೆಕ್ಕುವಂಥದ್ದೆಲ್ಲ ಚನ್ನೆಮಣೆಯ ಮನೆಗೆ. ಮಕ್ಕಳು ಓಡಾಡಿ ತಂದರು. ಮರಳು, ನೀರು, ಬೂದಿ, ಉಮಿ ಒಂದು ಕಡೆ. ಗುಂಡಿ, ಬಳೆ, ಚಪ್ಪಲಿ, ಒಂದು ಛತ್ರಿ ಇನ್ನೊಂದು ಕಡೆ. ಅತ್ತೆಯವರು ಮಣೆ ಹಾಕಿಕೊಂಡು ನ್ಯಾಯ ಹೇಳಲು ಕೂತರು. ಸಿದ್ದೆಯ ಮನೆಯದನ್ನು ಅಳೆದು "ಲಾಭ" ಎನ್ನಿಸಿದರು, ಚನ್ನೆಮಣೆಯದನ್ನು ಎತ್ತಿ ಹಿಡಿದು "ಒಂದು" ಎನ್ನಿಸಿದರು. ಒಬ್ಬಳು ಅತ್ತೆಯವರ ಸೆರಗು ಹಿಡಿದು, "ಅಜ್ಜಿನ ಎಲ್ಲಿಗೆ ಹಾಕದು?" ಎಂದು ಕೇಳಿದಳು.

"ಆನು ಸುರಿಯ ಹಂಗೆ ಕಾಣ್ತ್ನನೇ ನಿಂಗೆ?" ಎಂದರು ಅತ್ತೆಯವರು. ಎಲ್ಲರೂ ನಕ್ಕರು. ಆ ದಿನವೂ ಗೋಡೆಯ ಕಡೆ ತಿರುಗಿ ಕೂತಿದ್ದ ನೂರ್‌ಜಹಾನ್ ಕೂಡ ಸಣ್ಣಗೆ ನಕ್ಕಳು. ಈ ನಗು ತನ್ನ ಮೇಲಲ್ಲ ಎಂದು ಅವಳಿಗೆ ತಿಳಿದಿರಬೇಕು. ತಿರುಗಿ ಕೂತಳು.

ಆಮೇಲೆ ಜಗಳ ಬಂದದ್ದು ಹುಣಸೆಬೀಜಕ್ಕೆ. ಅರ್ಧ ಮಕ್ಕಳು ಸುರಿಯುವುದು ಎಂದರು, ಅರ್ಧ ಹೆಕ್ಕುವುದು ಎಂದರು. ನನಗೂ ಗೊತ್ತಾಗಲಿಲ್ಲ. ಅತ್ತೆಯವರನ್ನು ನೋಡಿದರೆ ಅವರೂ ಗಲ್ಲಕ್ಕೆ ಕೈ ಕೊಟ್ಟಿದ್ದರು. ನೂರ್‌ಜಹಾನ್ ಎದ್ದು ಬಂದಳು. ಬೀಜದ ಡಬ್ಬಿಯನ್ನು ಕೈಯಲ್ಲಿ ತೂಗಿ ನೋಡಿ, ಎರಡೂ ವರ್ತುಲ ತಾಗುವ ಗೀಟಿನ ಮೇಲೆ ಸರಿಯಾಗಿ ಇಟ್ಟಳು.

"ಎರಡೂ" ಎಂದಳು.

ಭಾನುವಾರ ಬಾಲವಾಡಿ ಇಲ್ಲ. ತರಕಾರಿಗೆ ಹೋಗುವಾಗ ಜುಬೇದಾಳ ಮಶಿನ್ ನಡೆಯುತ್ತಿತ್ತು. ಸಣ್ಣ ಅಳತೆಯ ಎರಡು ಲಂಗ, ಕೆಳಗಡೆ ಬಿಚ್ಚಿ ಉದ್ದ ಮಾಡಲು ಸಾಕಷ್ಟು ಮಡಿಕೆ ಬಿಟ್ಟು ಹೊಲಿಯುತ್ತಿದ್ದಳು. ಹುಬ್ಬಳ್ಳಿಗೋ ಎಂದು ನಾನು ಕೇಳಲಿಲ್ಲ.

ಸೋಮವಾರ ಮೂವರೂ ಶಾಲೆಗೆ ಹೋದೆವು. ಜುಬೇದಾ ಒಳಗೆ ಬರಲಿಲ್ಲ. "ನಾನು ಇದ್ರೆ ಹೆದರ್ತಾಳೆ, ನೀವೇ ಕರ್ಕೊಂಡ್ ಹೋಗ್ರಿ" ಎಂದು ಹೊರಗಿನ ಜಗಲಿಯಲ್ಲಿ ನಿಂತಳು. ಮೊದಲ ಮಳೆ ಹಿಂದಿನ ದಿನವಷ್ಟೇ ಬಿದ್ದು ಹೋಗಿತ್ತು. ಮಾಸ್ತರರ ಮೇಜಿನ ಮೇಲೆ ರಜಿಸ್ಟರ್ ಬಿಚ್ಚಿಯೇ ಇತ್ತು.

"ಬಾರವ್ವಾ ನೂರು." ಅವರು ಪೆಟ್ಟಿಗೆಯಿಂದ ಒಂದು ಸುಣ್ಣದ ಕಡ್ಡಿ ತೆಗೆದು ಹಿಡಿದರು. "ಇದೆಷ್ಟು?"

ಅವಳು ನನ್ನ ಕಡೆ ನೋಡಿದಳು. ನಾನು ಬೇಕೆಂದೇ ಕಿಟಕಿಯ ಕಡೆ ನೋಡಿದೆ. ಹೇಳಿಕೊಟ್ಟೆ ಎಂಬ ಮಾತು ಬರಬಾರದು.

"ಒಂದು" ಎಂದಳು. ಸಣ್ಣ ಧ್ವನಿ, ಆದರೆ ಕೇಳಿಸಿತು.

ನಾನು ಉಸಿರು ಬಿಟ್ಟೆ. ಮಾಸ್ತರರು ಬಿಡಲಿಲ್ಲ. ನಾಲ್ಕು ದಿನದಲ್ಲಿ ಬಾಯಿಪಾಠ ಮಾಡಿಸಿ ತಂದಿದ್ದಾರೆ ಎಂದುಕೊಂಡರೋ ಏನೋ. ಪೆಟ್ಟಿಗೆಯನ್ನು ಬೋರಲು ಹಾಕಿದರು. ಇಡಿಯವು, ಅರ್ಧ ಮುರಿದವು, ಚೂರು, ಪುಡಿ ಎಲ್ಲ ಮೇಜಿನ ಮೇಲೆ ರಾಶಿ ಬಿತ್ತು.

"ಇದು? ಇದೆಷ್ಟು ಹೇಳು ನೋಡೂಣು."

ಅಷ್ಟನ್ನು ಎಣಿಸಲು ದೊಡ್ಡವರಿಗೂ ಆಗುವುದಿಲ್ಲ. ಅವಳು ಮೇಜಿನ ಹತ್ತಿರ ಹೋಗಿ ಕಾಲ್ಬೆರಳ ಮೇಲೆ ನಿಂತು ರಾಶಿಯನ್ನು ನೋಡಿದಳು. ಒಂದು ಚೂರನ್ನು ಬೆರಳಿಂದ ಮುಟ್ಟಿದಳು. ಬೆರಳಿಗೆ ಅಂಟಿದ ಪುಡಿಯನ್ನು ನೋಡಿಕೊಂಡಳು. ಆಮೇಲೆ ಮಾಸ್ತರರ ಮುಖ ನೋಡಿ ಕೇಳಿದಳು:

"ಅಳಿಯೋದಾ ಸರ್, ಎಣಿಸೋದಾ?"

ಮಾಸ್ತರರು ರಾಶಿಯನ್ನು ನೋಡಿದರು, ಅವಳನ್ನು ನೋಡಿದರು, ನನ್ನನ್ನು ನೋಡಿದರು. ಇದನ್ನು ನಾನು ಹೇಳಿಕೊಟ್ಟಿಲ್ಲ ಎಂದು ನನ್ನ ಮುಖದಲ್ಲೇ ಅವರಿಗೆ ಗೊತ್ತಾಗಿರಬೇಕು. ಪೆನ್ನಿನ ಟೊಪ್ಪಿಗೆ ತೆಗೆದರು.

"ಪೂರಾ ಹೆಸರು ಏನವ್ವಾ?" ಎಂದರು. ಅವಳು ಹೇಳಿದಳು. ಅವರು ಬರೆದುಕೊಂಡರು. ತಂದೆಯ ಹೆಸರು ಕೇಳಿದರು, ಅದನ್ನೂ ಬರೆದರು. ಶಾಯಿ ಒಣಗುವ ತನಕ ನಾನು ಅಲ್ಲೇ ನಿಂತಿದ್ದೆ. ದೇವರು ನನ್ನ ತಪ್ಪನ್ನು ಆ ಕೂಸಿನ ತಲೆಯ ಮೇಲೆ ಹೊರಿಸಲಿಲ್ಲ. ಜೀವಮಾನದಲ್ಲಿ ಕೇಳಿಕೊಂಡದ್ದು ಬಹಳ ಇದೆ, ಸಿಕ್ಕಿದ್ದರಲ್ಲಿ ಇದನ್ನು ಮೊದಲು ನೆನೆಯುತ್ತೇನೆ.

ಹೊರಗೆ ಬಂದಾಗ ಜುಬೇದಾ ಕಂಬ ಹಿಡಿದುಕೊಂಡು ನಿಂತಿದ್ದಳು.

"ಬರೆದುಕೊಂಡರು. ಒಂದನೇ ತಾರೀಕಿನಿಂದ ಬರಬೇಕಂತೆ" ಎಂದೆ.

ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಶಾಲೆಯ ಮೆಟ್ಟಿಲ ಮೇಲೆ, ಮಳೆಯ ಪಸೆ ಆರದ ಕಡೆಯೇ ಕೂತುಬಿಟ್ಟಳು. ನಾನೂ ಪಕ್ಕದಲ್ಲಿ ಕೂತೆ.

"ಸ್ವಲ್ಪ ಹೊತ್ತು ಇರ್ರಿ ಅಕ್ಕೋರೇ" ಎಂದಳು. ಓಢಣಿಯ ಸೆರಗಿನಿಂದ ಮುಖ ಒರೆಸಿಕೊಂಡು, "ಆಮೇಲೆ ಹೋಗ್ಬೇಕು. ಇವತ್ತು ಅವರ ಲಾರಿ ಬರ್ತದೆ. ಮೂರು ಜನಕ್ಕೆ ಅಡಿಗೆ ಆಗ್ಬೇಕು" ಎಂದಳು.